ತೆರೆಯದ ಬಾಗಿಲಿಗೆ ಹೊಸ್ತಿಲು

ನಮ್ಮ ಮನೆಯ ಮುಂಭಾಗದಲ್ಲಿ ನಾಲ್ಕು ಕಿಟಕಿಗಳಿವೆ. ಅವುಗಳಲ್ಲಿ ಒಂದು ಸುಳ್ಳು. ಚೌಕಟ್ಟು, ಸಜ್ಜೆ, ಸಜ್ಜೆಯ ಕೆಳಗೆ ಗಾರೆಯ ಬಳ್ಳಿ, ಕಪ್ಪು ಗಾಜು, ಎಲ್ಲ ಸರಿಯಾಗಿವೆ. ಗಾಜಿನ ಹಿಂದೆ ಮಾತ್ರ ಇಟ್ಟಿಗೆ ಗೋಡೆ. ಗೋಡೆಯ ಹಿಂದೆ ನನ್ನ ಹೆಂಡತಿ ನಾರಾಯಣಮ್ಮ ಉಪ್ಪಿನಕಾಯಿ ಜಾಡಿ ಇಡುವ ಕಪಾಟು. ಬಾಗಿಲಿನ ಒಂದು ಪಕ್ಕಕ್ಕೆ ಎರಡು ಕಿಟಕಿ, ಇನ್ನೊಂದು ಪಕ್ಕಕ್ಕೆ ಒಂದೇ ಕಿಟಕಿ ಬಂದರೆ ಮನೆ ಅರ್ಧ ಮೀಸೆ ಬೋಳಿಸಿಕೊಂಡವನ ಹಾಗೆ ಕಾಣುತ್ತದೆಂದು ನಾನೇ ಹಾಗೆ ಮಾಡಿದೆ. ಒಮ್ಮೆ ವೋಟಿನ ಚೀಟಿ ಹಂಚಲು ಬಂದವರು ಆ ಕಿಟಕಿಯನ್ನೇ ತಟ್ಟಿ ತಟ್ಟಿ, ಮನೆಯಲ್ಲಿ ಯಾರೂ ಇಲ್ಲವೆಂದು ಹೊರಟುಹೋದರು. ಆಗ ನಗು ಬಂದಿತ್ತು. ಈಗ ಸಂಜೆ ಹೊತ್ತು ಅದರ ಮುಂದೆ ಹಾಯುವಾಗ ನಾನು ಗಾಜಿನ ಕಡೆ ನೋಡುವುದಿಲ್ಲ.

ನಾನು ಕಟ್ಟಡದ ಮೇಸ್ತ್ರಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದವನು, ಇನ್ನೂ ಕೆಳಗಿಟ್ಟಿಲ್ಲ. ಬೂದಿಕೋಟೆಯಿಂದ ಬಂಗಾರಪೇಟೆಯವರೆಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬನ್ನಿ. ತಾರಸಿಯ ಅಂಚಿನಲ್ಲಿ ಸಿಂಹದ ಮುಖ ಕಂಡ ಕಡೆಯೆಲ್ಲ ನನ್ನ ಕೈ ಇದೆ ಎಂದು ತಿಳಿಯಿರಿ. ನಮ್ಮ ಕಡೆ ಇದಕ್ಕೆ ಎಲಿವೇಶನ್ ಎನ್ನುತ್ತಾರೆ. ಎಂಜಿನಿಯರುಗಳ ಬಾಯಲ್ಲಿ ಆ ಮಾತಿಗೆ ಮುಂಭಾಗದ ನಕ್ಷೆ ಎಂದಷ್ಟೇ ಅರ್ಥವಂತೆ. ನಮ್ಮಲ್ಲಿ ಅದರ ಅರ್ಥ ಜಂಬ. ಪಾಯ ಎಷ್ಟು ಆಳ ಎಂದು ಕೇಳಿದ ಮನೆಯೊಡೆಯರನ್ನು ನಾನು ಕಂಡದ್ದು ಕಡಿಮೆ, ಎಲಿವೇಶನ್ ಏನ್ ಕೊಡ್ತೀಯ ಎಂದು ಕೇಳದವರನ್ನು ಕಂಡದ್ದಿಲ್ಲ. ಹಾಗಾಗಿ ನಾನು ಏನನ್ನೂ ಹೊರದ ಕಂಬಗಳನ್ನು, ಯಾರೂ ನಿಲ್ಲಲಾಗದ ಬಾಲ್ಕನಿಗಳನ್ನು, ಅರ್ಧಕ್ಕೇ ನಿಂತ ಕಮಾನುಗಳನ್ನು ಕಟ್ಟಿದ್ದೇನೆ. ಎಲ್ಲವೂ ಗಟ್ಟಿಯಾಗಿವೆ. ಹೊರೆ ಇಲ್ಲದ ಕಂಬಕ್ಕೂ ನಾನು ಕಂಬಿ ಕಡಿಮೆ ಹಾಕಿದವನಲ್ಲ.

ಈ ಕೆಲಸಕ್ಕೆ ಒಂದು ಹೆಸರಿದೆ ಎಂದು ತಿಳಿಸಿದವಳು ಮೇಘನಾ. ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದು ನಮ್ಮ ಕಡೆಯ ಮನೆಗಳಿಗೆ ನಕ್ಷೆ ಮಾಡಿಕೊಡುವ ಆರ್ಕಿಟೆಕ್ಟ್ ಹುಡುಗಿ. ಅವಳು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಹೊರದೇಶಗಳಲ್ಲಿ ಹಿಂದೆ ಕೆಲವರು, ಮನೆಗೆ ಅಲಂಕಾರವೇ ಬೇಡ, ಕೆಲಸಕ್ಕೆ ಬಾರದ್ದೆಲ್ಲ ಸುಳ್ಳು ಎಂದರಂತೆ. ಚಪ್ಪಟೆ ಸೂರು, ದೊಡ್ಡ ಗಾಜು, ಬಣ್ಣ ಕಾಣದ ಕಾಂಕ್ರೀಟು. ಅದು ಮಾಡರ್ನ್. ಆಮೇಲೆ ಬಂದವರಿಗೆ ಅದು ಬೇಜಾರಾಯಿತು. ಮನೆ ಮಾತಾಡಬೇಕು, ಹಳೆಯದನ್ನು ನೆನಪಿಸಬೇಕು, ಬೇಕಾದರೆ ತಮಾಷೆಯನ್ನೂ ಮಾಡಬೇಕು ಎಂದು ಅವರು ಹಳೇ ಕಾಲದ ಕಂಬ ಕಮಾನುಗಳನ್ನು ತಂದು ಮುಂಭಾಗಕ್ಕೆ ಅಂಟಿಸಿದರು. ಅದು ಪೋಸ್ಟ್ ಮಾಡರ್ನ್. "ನೀವು ಅಪ್ಪಟ ಪೋಸ್ಟ್ ಮಾಡರ್ನ್ ಮೇಸ್ತ್ರಿ" ಎಂದಳು. ಮನೆಗೆ ಬಂದು ಹೆಮ್ಮೆಯಿಂದ ಹೇಳಿಕೊಂಡೆ. ನಾರಾಯಣಮ್ಮ ಮೊರದಿಂದ ತಲೆ ಎತ್ತದೆ, "ಅದೇನು ಬೈಗುಳನಾ?" ಎಂದು ಕೇಳಿದಳು.

ಮೇಘನಾ ಮೊದಲನೆಯ ಪಕ್ಷ. ಬೋಳು ಗೋಡೆ ಕಂಡರೆ ಅವಳಿಗೆ ದೇವರನ್ನು ಕಂಡಷ್ಟು ಸಂತೋಷ. ಅದರಲ್ಲಿ ಏನಿದೆ ಎಂದು ನಾನು ಜಗಳ ತೆಗೆದಾಗ, ಬಂಗಾರಪೇಟೆ ಸ್ಟೇಷನ್ ಹತ್ತಿರದ ಪಾನಿಪೂರಿ ಗಾಡಿಯ ಮುಂದೆ ನಿಲ್ಲಿಸಿ ಹೇಳಿದಳು: "ನಿಮ್ಮೂರಿನ ಪಾನಿ ನೋಡಿ ಮೇಸ್ತ್ರಿ. ಬೇರೆ ಊರಲ್ಲಿ ಹಸಿರು ಬಣ್ಣ ತೋರಿಸಿ ಕರೀತಾರೆ. ಇಲ್ಲಿ ಕುಡಿಯೋ ನೀರಿನ ಥರ ತಿಳಿ. ಬಾಯಿಗೆ ಬಿದ್ದ ಮೇಲೆ ತಾನೆ ಖಾರ ಗೊತ್ತಾಗೋದು? ಒಳ್ಳೇ ಮನೆ ಹಂಗಿರಬೇಕು." ನನ್ನ ಬಾಯಿ ತುಂಬಿತ್ತು, ಕಣ್ಣಲ್ಲಿ ನೀರಿತ್ತು. ಉತ್ತರ ಕೊಡಲಾಗಲಿಲ್ಲ.

ಇವೆರಡರಲ್ಲಿ ಇವತ್ತಿನ ಕಾಲಕ್ಕೆ ಯಾವುದು ಬೇಕು ಎಂದು ಅವಳ ಕಾಲೇಜಿನಲ್ಲಿ ದೊಡ್ಡ ದೊಡ್ಡ ಚರ್ಚೆಗಳು ನಡೆಯುತ್ತಿದ್ದವಂತೆ. ನಮ್ಮಲ್ಲಿ ಆ ಚರ್ಚೆ ನಡೆದದ್ದು ಮೈಸೂರು ಮೈನ್ಸ್ ಎಂಬ ಹಳೇ ಚಿನ್ನದ ಗಣಿಯ ಅಂಚಿನಲ್ಲಿ, ಸುಂದರಮ್ಮನೆಂಬ ಮುದುಕಿಯ ಸೈಟಿನ ಮೇಲೆ, ಬಿಸಿಲಿನಲ್ಲಿ.

ಅಲ್ಲಿಗೆ ಹೋದವರಿಗೆ ಮೊದಲು ಕಾಣುವುದು ಗಣಿಯ ಬಾಯಿಯ ಮೇಲೆ ನಿಂತ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ಚಕ್ರ. ಗಣಿ ನಡೆಯುತ್ತಿದ್ದಾಗ ಆ ಚಕ್ರಕ್ಕೆ ಸುತ್ತಿದ ಹಗ್ಗದಲ್ಲಿ ಜನರ ತೊಟ್ಟಿಲು ಪಾತಾಳಕ್ಕಿಳಿದು ಮೇಲೆ ಬರುತ್ತಿತ್ತು. ಮೇಘನಾ ಅದರ ಕೆಳಗೆ ಬಹಳ ಹೊತ್ತು ನಿಂತಿದ್ದಳು. ಅದರಲ್ಲಿ ಕೆಲಸವಿಲ್ಲದ ಒಂದು ಸರಳೂ ಇಲ್ಲವಂತೆ. ಇರಲಿಲ್ಲ ಅನ್ನಿ ಎಂದೆ ನಾನು. ಈಗ ಅದರಲ್ಲಿ ಕೆಲಸವಿರುವ ಒಂದು ಸರಳೂ ಇಲ್ಲ. ಗಣಿ ಮುಚ್ಚಿ, ನೀರೆತ್ತುವ ಪಂಪುಗಳು ನಿಂತು, ಕೆಳಗಿನ ದಾರಿಗಳೆಲ್ಲ ನೀರು ತುಂಬಿ ಕೂತಿವೆ. ನಾವು ಪಾಯ ತೋಡುವ ನೆಲದ ಅಡಿಯಲ್ಲಿ ಬೆಳಕಿಲ್ಲದ ಒಂದು ಊರಿದೆ, ಅದಕ್ಕೂ ಬೀದಿಗಳಿವೆ. ಆಚೆಗೆ ಚಿನ್ನ ತೆಗೆದು ಸುರಿದ ಮಣ್ಣಿನ, ಬೂದಿ ಬಣ್ಣದ ಸೈನೈಡ್ ದಿಬ್ಬಗಳು. ಈಚೆಗೆ ಗಣಿ ಕೆಲಸದವರಿಗೆಂದು ಕಟ್ಟಿದ ಲೈನ್ ಮನೆಗಳು, ಒಂದಕ್ಕೊಂದು ಅಂಟಿಕೊಂಡ ಒಂದೊಂದೇ ಕೋಣೆ, ಒಂದೊಂದೇ ಬಾಗಿಲು. ಅಲಂಕಾರ ಬೇಡವೆಂದ ಆ ಹೊರದೇಶದವರಿಗೆ ಈ ಲೈನ್ ತೋರಿಸಬೇಕಿತ್ತು. ಬೇಡದ್ದು ಏನೇನೂ ಇಲ್ಲ. ಬೇಕಾದ್ದೂ ಇಲ್ಲ.

ಸುಂದರಮ್ಮ ಮದುವೆಯಾಗಿ ಬಂದದ್ದು ಅಂಥದೊಂದು ಲೈನ್ ಮನೆಗೆ. ಬಾಗಿಲು ತೆರೆದರೆ ಎದುರಿಗೇ ಚಕ್ರ. ಒಲೆಯ ಮುಂದೆ ಕೂತವಳು ಕತ್ತು ಹೊರಳಿಸಿ ನೋಡುತ್ತಿದ್ದಳಂತೆ: ಚಕ್ರ ತಿರುಗಿದರೆ ಗಂಡಸರು ಮೇಲೆ ಬರುತ್ತಿದ್ದಾರೆ, ಅನ್ನಕ್ಕೆ ಎಸರಿಡಬಹುದು. ಒಂದು ದಿನ ಪಾಳಿಗೆಂದು ಗಂಡ ಅರುಮುಗಂ ಆ ಬಾಗಿಲು ದಾಟಿ ಹೋದ. ಸ್ವಲ್ಪ ಹೊತ್ತಿಗೆ ಕೆಳಗೆಲ್ಲೋ ಬಂಡೆ ಸಿಡಿದು, ಮೇಲೆ ಅಟ್ಟದ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಚಕ್ರ ತಿರುಗಿತು, ಬೇರೆಯವರು ಬಂದರು. ಅವನು ಬರಲಿಲ್ಲ. ಅವನ ದೇಹವೂ ಬರಲಿಲ್ಲ. ಆಮೇಲೆ ನೀರು ಬಂತು.

ಈಗ ಮಗಳು ಅಳಿಯ ಸೇರಿ ಅವಳಿಗೊಂದು ಮನೆ ಕಟ್ಟಿಸಲು ಹೊರಟಿದ್ದರು. ಅಳಿಯ ಶೇಖರ ರಾಬರ್ಟ್‌ಸನ್ ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟವನು, ಒಳ್ಳೆಯವನು, ಆದರೆ ವಾಸ್ತು ಎಂದರೆ ನಡುಗುವವನು. ಸುಂದರಮ್ಮ ಕೇಳಿದ್ದು ಒಂದೇ. "ಬಾಗ್ಲು ಚಕ್ರದ್ ಕಡೆ ಇರ್ಬೇಕು. ಅಷ್ಟೇ ಪಾ."

ಚಕ್ರ ಇದ್ದದ್ದು ದಕ್ಷಿಣಕ್ಕೆ.

"ಅಯ್ಯೋ, ಅದು ಯಮನ ದಿಕ್ಕು ಕಣತ್ತೆ" ಎಂದ ಶೇಖರ. "ಯಾರನ್ನ ಕೇಳಿದ್ರೂ ಒಪ್ಪಲ್ಲ. ಮೇಸ್ತ್ರಿ, ಮೀರೈನಾ ಚೆಪ್ಪಂಡಿ, ನೀವಾದ್ರೂ ಹೇಳಿ."

ಮೇಘನಾ ವಾಸ್ತುವಿಗೆ ನಕ್ಕಳು. ಆದರೆ ಅವಳಿಗೂ ಆ ಬಾಗಿಲು ಬೇಡ. ಬಾಗಿಲು ಕೆಲಸಕ್ಕಾಗಿ ಇರುವುದು, ಚಕ್ರ ತಿರುಗದ ಮೇಲೆ ಅದರ ಕಡೆಗೆ ಬಾಗಿಲಿಟ್ಟು ಮಾಡುವುದೇನು? ದಕ್ಷಿಣದಿಂದ ಬಿಸಿಲೂ ದಿಬ್ಬದ ಧೂಳೂ ಬರುತ್ತವೆ. ಅಲ್ಲಿ ಗಟ್ಟಿಯಾದ ಬೋಳು ಗೋಡೆ ಇರಲಿ, ಬಾಗಿಲು ಬೆಳಕಿರುವ ಪೂರ್ವಕ್ಕಿರಲಿ. ಮಾತು ನ್ಯಾಯವಾಗಿತ್ತು. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ನಿಂತರು, ಮುದುಕಿ ಒಬ್ಬಳೇ ಆಚೆ ಉಳಿದಳು.

ಆಗ ನಾನು ಬಾಯಿ ಹಾಕಿದೆ. ಬಾಗಿಲು ಪೂರ್ವಕ್ಕೇ ಇರಲಿ, ದಕ್ಷಿಣದ ಗೋಡೆಗೆ ಎಲಿವೇಶನ್ ಬಾಗಿಲೊಂದನ್ನು ಕೊಡುತ್ತೇನೆ ಎಂದೆ. ಹೊರಗಿಂದ ನೋಡಿದರೆ ಚೌಕಟ್ಟು, ಹೊಸ್ತಿಲು, ಕದ, ಎಲ್ಲ. ಹಿಂದೆ ಇಟ್ಟಿಗೆ. ಶೇಖರನಿಗೆ ಖುಷಿಯಾಯಿತು, ತೆರೆಯದ ಬಾಗಿಲಿನಲ್ಲಿ ಯಮ ಬರುವಂತಿಲ್ಲ. ಮೇಘನಾ ಮೊದಲು ಮುಖ ಸಿಂಡರಿಸಿದಳು. ಆಮೇಲೆ ತಾನೇ ನಕ್ಕು, "ಪೋಸ್ಟ್ ಮಾಡರ್ನ್ ಅಂದ್ರೆ ಇದೇ ಮೇಸ್ತ್ರಿ. ಹಳೇದರ ನೆನಪಿಗೊಂದು ಗುರುತು. ಮಾಡಿ" ಎಂದಳು. ಸುಂದರಮ್ಮ ಯಾರ ಮುಖವನ್ನೂ ನೋಡದೆ "ಇರ್ಲಿ" ಎಂದಳು. ನಾವು ಅದನ್ನು ಒಪ್ಪಿಗೆ ಎಂದುಕೊಂಡೆವು. ನನ್ನ ಜಾಣತನಕ್ಕೆ ನಾನೇ ಆವತ್ತು ಎರಡು ಟೀ ಕುಡಿದೆ.

ಮರುವಾರ ಅವಳು ಲೈನ್ ಮನೆಯ ಹಳೇ ವಾಸ್ಕಲ್ಲನ್ನೇ ಕೀಳಿಸಿಕೊಂಡು ಬಂದಳು. ವಾಸ್ಕಲ್ಲೆಂದರೆ ಬಾಗಿಲಿನ ಚೌಕಟ್ಟು, ಹೊಸ್ತಿಲು ಸಮೇತ. ಒಳ್ಳೇ ಮರ, ನಡುವೆ ತುಳಿದು ತುಳಿದು ತಗ್ಗಾದ ಹೊಸ್ತಿಲು. ಅದನ್ನೇ ಎತ್ತಿ ನಿಲ್ಲಿಸಿದೆವು. ನಮ್ಮಲ್ಲಿ ವಾಸ್ಕಲ್ಲನ್ನು ಸುಮ್ಮನೆ ನಿಲ್ಲಿಸುವುದಿಲ್ಲ. ಅರಿಶಿನ ಕುಂಕುಮ ಹಚ್ಚಿ, ನವಧಾನ್ಯದ ಗಂಟನ್ನು ಮೇಲಿನ ಪಟ್ಟಿಗೆ ಕಟ್ಟಿ, ಹೊಸ್ತಿಲಿಗೆ ಹಾಲೆರೆದು, ಕರ್ಪೂರ ಹಚ್ಚಿ, ಕಾಯಿ ಒಡೆದು, ಒಳ್ಳೆಯದು ಈ ದಾರಿಯಲ್ಲಿ ಬರಲಿ ಎಂದು ಕೈ ಮುಗಿಯುತ್ತೇವೆ. ಈ ಪೂಜೆ ನನ್ನ ತಲೆಯಲ್ಲಿಲ್ಲ, ಕೈಯಲ್ಲಿದೆ. ಮರ ನಿಂತ ಕೂಡಲೇ ಕೈ ಅರಿಶಿನದ ಕಡೆ ಹೋಗುತ್ತದೆ. ಆ ದಿನವೂ ಹೋಯಿತು. ನಾನು ಮಾಡಿದೆ, ಆಳುಗಳು ಕೈ ಮುಗಿದರು, ಸುಂದರಮ್ಮ ಕೆನ್ನೆ ಬಡಿದುಕೊಂಡಳು. ಮಾರನೇ ದಿನ ಹಿಂದಿನಿಂದ ಇಟ್ಟಿಗೆ ಕಟ್ಟಿ ಮುಚ್ಚಿದೆವು.

ಮನೆ ಮುಗಿಯಿತು, ಹಾಲುಕ್ಕಿತು, ಊಟವಾಯಿತು. ಸುಂದರಮ್ಮ ಹಗಲೆಲ್ಲ ಹೊಸ ಮನೆಯಲ್ಲಿ ಇರುತ್ತಾಳೆ, ಅಡಿಗೆ ಮಾಡುತ್ತಾಳೆ, ದೀಪ ಹಚ್ಚುತ್ತಾಳೆ. ಕತ್ತಲಾಗುವ ಮೊದಲು ಚಾಪೆ ಸುರುಳಿ ಸುತ್ತಿಕೊಂಡು ಲೈನಿನಲ್ಲಿ ಪರಿಚಯದವರ ಜಗಲಿಗೆ ಮಲಗಲು ಹೋಗುತ್ತಾಳೆ. ಯಾಕೆಂದು ಕೇಳಿದರೆ ಹೇಳುವುದಿಲ್ಲ. ನಾನು ಕಟ್ಟಿದ ಮನೆಯಲ್ಲಿ ಜನ ಜಗಳವಾಡಿದ್ದಾರೆ, ಪಾಲಾಗಿದ್ದಾರೆ, ಸತ್ತೂ ಇದ್ದಾರೆ. ಯಾರೂ ಮಲಗಲಾರೆ ಎಂದು ಎದ್ದುಹೋಗಿರಲಿಲ್ಲ. ಹೀಗೇ ಆದರೆ ಮನೆಯನ್ನು ಬಾಡಿಗೆಗೆ ಕೊಟ್ಟು ಅತ್ತೆಯನ್ನು ತನ್ನ ಅಂಗಡಿ ಮೇಲಿನ ಕೋಣೆಗೆ ಕರೆದೊಯ್ಯುವುದಾಗಿ ಶೇಖರ ಹೇಳತೊಡಗಿದ. ಅಲ್ಲಿಂದ ಚಕ್ರ ಕಾಣುವುದಿಲ್ಲ. ಹಾಗೆ ಕರೆದೊಯ್ದರೆ ಅವಳು ಹೆಚ್ಚು ದಿನ ಉಳಿಯುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಅಷ್ಟರಲ್ಲಿ ಗೋಡೆಗೆ ತೇವ ಬಂತು. ಸುಡು ಬೇಸಿಗೆಯಲ್ಲಿ, ಒಳಗಡೆ, ಬಾಗಿಲು ಮುಚ್ಚಿದ ಜಾಗದಲ್ಲಿ. ಚೌಕಟ್ಟಿನ ಅಳತೆಗೆ ಸರಿಯಾಗಿ ಬಾಗಿಲಿನದೇ ಆಕಾರ. ನಾನು ಕಟ್ಟಿದ ಗೋಡೆ ನೀರು ಬಿಟ್ಟದ್ದಿಲ್ಲ, ಅದು ನನ್ನ ಮರ್ಯಾದೆಯ ಪ್ರಶ್ನೆ. ಆಮೇಲೆ ತುಂಬಿದ ಇಟ್ಟಿಗೆಗೂ ಮೊದಲಿನ ಗೋಡೆಗೂ ಬೆಸುಗೆ ಸರಿ ಕೂಡದಿದ್ದರೆ ಹೀಗಾಗುತ್ತದೆ ಎಂದು ಶೇಖರನಿಗೆ ವಿವರಿಸಿ, ಗಾರೆ ಕೆತ್ತಿ, ಮದ್ದು ಬಳಿದು, ಹೊಸದಾಗಿ ಸಾರಿಸಿದೆ. ಕೆಲವು ದಿನ ಒಣಗಿತ್ತು. ಮತ್ತೆ ಬಂತು, ಅದೇ ಬಾಗಿಲು.

ಇನ್ನೊಂದಿತ್ತು. ಸುಂದರಮ್ಮ ದಿನಾ ಬೆಳಗ್ಗೆ ಆ ಸುಳ್ಳು ಬಾಗಿಲಿನ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದಳು. ಸಂಜೆಗೆ ಅದು ನಡುವೆ ಮಾತ್ರ ಅಳಿಸಿರುತ್ತಿತ್ತು. ನಾಯಿ ತುಳಿದಿರುತ್ತದೆ ಎನ್ನೋಣ. ಒಳಗಡೆ, ತೇವದ ಕೆಳಗಿನ ಕೆಂಪು ನೆಲದ ಮೇಲೆ ಬಿಳಿ ಪುಡಿ ಬಿದ್ದಿರುತ್ತಿತ್ತು. ದಿಬ್ಬದ ಧೂಳು ಎನ್ನೋಣ. ಕಾರಣಗಳಿಗೆ ಯಾವತ್ತೂ ಕೊರತೆಯಿಲ್ಲ. ಆದರೆ ಧೂಳು ಬಂದರೆ ಮನೆಗೆಲ್ಲ ಬರಬೇಕು. ಇದು ಗೋಡೆಯಿಂದ ಈಚೆಗೆ, ಒಬ್ಬ ಮನುಷ್ಯ ಒಳಗೆ ಬಂದು ಅನುಮಾನಿಸಿ ನಿಲ್ಲುವಷ್ಟು ದೂರ ಮಾತ್ರ ಇತ್ತು.

ಮನೆಯಲ್ಲಿ ಊಟಕ್ಕೆ ಕೂತು ನಾರಾಯಣಮ್ಮನಿಗೆ ಎಲ್ಲ ಹೇಳಿದೆ. ಬೆಸುಗೆಯ ಮಾತು, ಮದ್ದಿನ ಮಾತು, ಪೋಸ್ಟ್ ಮಾಡರ್ನ್ ಮಾತು. ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಳು.

"ವಾಸ್ಕಲ್ ಪೂಜೆ ಮಾಡಿದ್ಯಾ?"

"ಊಂ. ಮಾಡ್ದೆ. ಎಲ್ಲಾ ಕಡೆ ಮಾಡಂಗೆ."

"ಕೈ ಮುಗ್ದು ಬಾ ಅಂತ ಕರೆದ್ಯಾ?"

"ಕರೀದೆ ಪೂಜೆ ಎಂಗಾಯ್ತದೆ?"

"ಕರ್ದು ಮುಖದ್ ಮೇಲೆ ಇಟ್ಗೆ ಕಟ್ದೆ" ಎಂದಳು. "ಇಷ್ಟ್ ವರ್ಸ ಮೇಸ್ತ್ರಿ ಕೆಲ್ಸ ಮಾಡಿ ನಿಂಗೆ ಅಷ್ಟೂ ಒಳೀಲಿಲ್ವಾ?"

ನಾನು ದೆವ್ವ ಗಿವ್ವ ನಂಬುವವನಲ್ಲ. ಆದರೆ ಮರ್ಯಾದೆಯನ್ನು ನಂಬುವವನು. ಕರೆದವರನ್ನು ಹೊರಗೆ ನಿಲ್ಲಿಸುವ ಮನೆ ನಮ್ಮ ಕಡೆ ಯಾವ ಸ್ಟೈಲಿನಲ್ಲಿಯೂ ಇಲ್ಲ.

ಮಾರನೇ ದಿನ ಸಂಜೆ ಹೋದೆ. ಸುಂದರಮ್ಮ ಸುಳ್ಳು ಬಾಗಿಲಿನ ಹೊಸ್ತಿಲ ಮೇಲೆ ಚಕ್ರದ ಕಡೆ ಮುಖ ಮಾಡಿ ಕೂತಿದ್ದಳು. ಕದಕ್ಕೆ ಒರಗಿರಲಿಲ್ಲ. ಪಕ್ಕದಲ್ಲಿ ಸುತ್ತಿಟ್ಟ ಚಾಪೆ. ನಾನೂ ಹೊಸ್ತಿಲ ಇನ್ನೊಂದು ತುದಿಗೆ ಕೂತು, ಒಳಗೆ ಮಲಗಲು ಭಯವೇ ಎಂದು ಕೇಳಿದೆ.

"ಭಯ ಯಾಕಪ್ಪಾ? ನಮ್ಮೋರ್ ತಾನೆ" ಎಂದಳು. "ಒಳಗ್ ಮಲ್ಗಿದ್ರೆ ತಟ್ಟೋದು ಕೇಳ್ಸುತ್ತೆ. ಎದ್ದೋಗಿ ನೋಡುದ್ರೆ ಗೋಡೆ. ಪೂರ್ವದ್ ಬಾಗ್ಲು ತಗ್ದು, ಸುತ್ಕೊಂಡು ಇಲ್ಲಿಗ್ ಬರೋವಷ್ಟೊತ್ಗೆ ಯಾರೂ ಇರಲ್ಲ. ಎಷ್ಟ್ ದಿನ ಅಂತ ನಿಲ್ಸೋದು? ನಂಗೇ ನಾಚ್ಕೆ ಆಗುತ್ತೆ. ಅದ್ಕೆ ಓಗ್ಬುಡ್ತೀನಿ. ಮನೇಲಿ ಯಾರೂ ಇಲ್ಲ ಅಂತ ಅನ್ಕೊಳ್ಳಲಿ."

ಆಗಲೇ ನಮ್ಮ ಬೆನ್ನ ಹಿಂದೆ ಸದ್ದಾಯಿತು. ಟಕ್. ಸ್ವಲ್ಪ ಬಿಟ್ಟು ಇನ್ನೊಮ್ಮೆ. ದಕ್ಷಿಣದ ಗೋಡೆ ಹಗಲೆಲ್ಲ ಕಾದು ಸಂಜೆ ಆರುವಾಗ ಹೀಗೆ ಸದ್ದು ಮಾಡುತ್ತದೆ, ಮರ ಒಂದು ಲೆಕ್ಕಕ್ಕೆ ಕುಗ್ಗಿದರೆ ಇಟ್ಟಿಗೆ ಇನ್ನೊಂದು ಲೆಕ್ಕಕ್ಕೆ ಕುಗ್ಗುತ್ತದೆ. ಅವಳಿಗೆ ಅದನ್ನೇ ಬಿಡಿಸಿ ಹೇಳಿದೆ. "ಆಮಾ, ಅದೂ ಇರ್ಬೋದು" ಎಂದು ಅವಳು ಹೊಸ್ತಿಲ ಮೇಲೆ ಕೊಂಚ ಪಕ್ಕಕ್ಕೆ ಸರಿದಳು, ದಾಟುವವರಿಗೆ ದಾರಿ ಬಿಡುವ ಹಾಗೆ. ನೋಡುತ್ತೇನೆ, ನಾನೂ ಇತ್ತ ಕಡೆ ಸರಿದಿದ್ದೆ. ನಮ್ಮಿಬ್ಬರ ನಡುವೆ ಆ ತಗ್ಗಾದ ಜಾಗ ಖಾಲಿ ಇತ್ತು. ಅಷ್ಟು ಬಿಸಿಲು ಕುಡಿದ ಮರ ಅಲ್ಲಿ ಮಾತ್ರ ತಣ್ಣಗಿತ್ತು. ಕೈ ಇಟ್ಟು ನೋಡಿದ್ದರಿಂದ ಹೇಳುತ್ತಿದ್ದೇನೆ.

ಒಡೆಯುತ್ತೇನೆ ಎಂದೆ.

ಸುದ್ದಿ ತಿಳಿದು ಮಾರನೇ ದಿನ ಬೆಳಗ್ಗೆಯೇ ಶೇಖರ ಓಡಿ ಬಂದ. ಯಮನ ದಿಕ್ಕಿಗೆ ಬಾಗಿಲು ತೆಗೆದರೆ ಮನೆಗೆ ಆಗುವುದಿಲ್ಲ ಎಂದು ನನ್ನ ಕೈ ಹಿಡಿದುಕೊಂಡ. ಸುಂದರಮ್ಮ ಎಂದೂ ದನಿ ಎತ್ತಿದವಳಲ್ಲ, ಆವತ್ತೂ ಎತ್ತಲಿಲ್ಲ. "ಏನಯ್ಯಾ ಮಾಪ್ಳೆ, ಯಮ ಏನ್ ನಮ್ಗೆ ಒಸಬ್ನಾ? ಈ ಲೈನಲ್ಲಿ ಅವ್ನು ಮನೆ ಮನೆ ಕಾಫಿ ಕುಡ್ದವ್ನೆ. ಬುಡು ಮೇಸ್ತ್ರಿ ಕೈಯ." ಅಳಿಯ ಕೈ ಬಿಟ್ಟ.

ಮೇಘನಾಗೂ ಫೋನ್ ಮಾಡಿದ್ದೆ. ನಗುತ್ತಾಳೆ ಎಂದುಕೊಂಡಿದ್ದೆ, ಮೊದಲ ರೈಲಿಗೇ ಬಂದಳು. ಹಳೇ ಮರಕ್ಕೆ ಪೆಟ್ಟಾಗಬಾರದು, ಒಳಗಿಂದ ಒಡೆಯಿರಿ ಎಂದಷ್ಟೇ ಹೇಳಿ ಅಲ್ಲೇ ನಿಂತಳು. ತೇವದ ನಡುವಿಗೆ ಉಳಿ ಇಟ್ಟೆ. ಮೇಲಿನ ಗಾರೆ ಒದ್ದೆ ಹಿಟ್ಟಿನಂತೆ ಕಳಚಿತು. ಅದರ ಹಿಂದಿನ ಇಟ್ಟಿಗೆ ಒಣಗಿ ಬಿಸ್ಕತ್ತಿನಂತಿತ್ತು. ಒಡೆದು ನೋಡಿದೆ, ಒಳಗೂ ಒಣಗಿತ್ತು. ನೀರು ಹೊರಗಿನಿಂದ ಬಂದಿದ್ದರೆ ಇಟ್ಟಿಗೆ ದಾಟದೆ ಗಾರೆಗೆ ಬರುವಂತಿಲ್ಲ. ಮೇಘನಾ ಆ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೆಳಗಿಟ್ಟಳು. ಕದ ಹೊರಕ್ಕೆ ತಳ್ಳಿದಾಗ ಎದುರಿಗೆ ದಿಬ್ಬ, ಗೋಪುರ, ಚಕ್ರ. ಒಳಗಿದ್ದ ಗಾಳಿ ಹೊರಗೆ ಹೋಯಿತೋ ಹೊರಗಿನದು ಒಳಗೆ ಬಂತೋ, ದೇವರ ಮುಂದಿನ ದೀಪ ಒಮ್ಮೆ ಬಾಗಿ ನೆಟ್ಟಗಾಯಿತು.

ಕದಕ್ಕೆ ಬೀಗ ಕೂರಿಸಲು ಹೋದೆ. ಸುಂದರಮ್ಮ ಬೇಡವೆಂದಳು. ಕಳ್ಳಕಾಕರ ಕಾಲ ಎಂದೆ. "ಅವ್ರ ಅತ್ರ ಕೀ ಇಲ್ವಲ್ಲಪ್ಪಾ" ಎಂದಳು, ಅಂಗಡಿಗೆ ಹೋದ ಗಂಡನ ಬಗ್ಗೆ ಹೇಳುವ ಹಾಗೆ. ಆ ಸಂಜೆ ಚಾಪೆ ಒಳಗೇ ಬಿಚ್ಚಿಕೊಂಡಿತು. ಅಂದಿನಿಂದ ಅವಳು ಅಲ್ಲೇ ಮಲಗುತ್ತಾಳೆ. ಶೇಖರ ಬಾಡಿಗೆಯ ಮಾತು ಎತ್ತಿಲ್ಲ. ತೇವ ಮತ್ತೆ ಬಂದಿಲ್ಲ. ಬರಲು ಗೋಡೆಯೇ ಇಲ್ಲ, ಆದ್ದರಿಂದ ನನ್ನ ಮದ್ದು ಗೆದ್ದಿತೋ ಸೋತಿತೋ ಎಂದು ಯಾರೂ ಹೇಳುವಂತಿಲ್ಲ.

ಸ್ಟೇಷನ್ನಿಗೆ ಬಿಡಲು ಹೋದಾಗ ಮೇಘನಾ ಯೋಚಿಸುತ್ತಾ ಹೇಳಿದಳು, "ಈಗ ಅದು ಮಾಡರ್ನ್ ಆಯ್ತು ಮೇಸ್ತ್ರಿ. ಅಲಂಕಾರ ಅಲ್ಲ, ಕೆಲಸ ಮಾಡೋ ಬಾಗಿಲು." ಯಾರ ಕೆಲಸಕ್ಕೆ ಎಂದು ಕೇಳಿದೆ. ರೈಲು ಬಂತು. ಉತ್ತರ ಕೊಡಲಿಲ್ಲ. ಪಾನಿಪೂರಿ ದಿನದ ಸಾಲ ಅಲ್ಲಿಗೆ ತೀರಿತು ಎಂದುಕೊಂಡೆ.

ಮಾಡರ್ನ್ ಇವತ್ತಿಗೆ ಬೇಕೋ, ಪೋಸ್ಟ್ ಮಾಡರ್ನ್ ಬೇಕೋ, ಓದಿದವರು ಚರ್ಚೆ ಮಾಡಲಿ. ನಾನು ಸಿಂಹಗಳನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮೊನ್ನೆ ಬೂದಿಕೋಟೆಯಲ್ಲಿ ಒಂದು ತಾರಸಿಗೆ ನವಿಲನ್ನೂ ಕೂರಿಸಿದೆ. ಕೇಳಿದವರಿಗೆ ಬೋಳು ಗೋಡೆಯನ್ನೂ ಕಟ್ಟಿಕೊಡುತ್ತೇನೆ. ಆದರೆ ಬಾಗಿಲು ಎಂದ ಕೂಡಲೇ ಕೈಯಲ್ಲಿ ಅರಿಶಿನ ಹಿಡಿದುಕೊಂಡು ಮನೆಯವರನ್ನು ಕೇಳುತ್ತೇನೆ, ಇದರಲ್ಲಿ ಬರುವವರು ಯಾರು? ಪೂರ್ವ ಪಶ್ಚಿಮ ಆಮೇಲೆ ನೋಡೋಣ ಎನ್ನುತ್ತೇನೆ. ಮೇಸ್ತ್ರಿಗೆ ವಯಸ್ಸಾಯಿತು ಎಂದು ಜನ ನಗುತ್ತಾರೆ. ನಗಲಿ.

ನಮ್ಮ ಮನೆಯ ಸುಳ್ಳು ಕಿಟಕಿಗೆ ಪೂಜೆ ಮಾಡಿರಲಿಲ್ಲ, ಅದೊಂದು ಧೈರ್ಯ. ಆದರೂ ಒಡೆದುಬಿಡೋಣವೇ ಎಂದು ಉಳಿ ಹಿಡಿದುಕೊಂಡು ಹೋದೆ. ನಾರಾಯಣಮ್ಮ ಅಡ್ಡ ನಿಂತಳು. "ನನ್ ಕಪಾಟು ಒಡೀಬ್ಯಾಡ. ಬರೋರು ಬಂದ್ರೆ ಒಂದೋಳು ಉಪ್ಪಿನಕಾಯಿ ತಿನ್ಕೊಂಡು ಓಗ್ಲಿ" ಎಂದಳು. ಉಳಿ ಚೀಲಕ್ಕೆ ಹಾಕಿದೆ. ಮನೆಯಲ್ಲಿ ಅವಳದೇ ಎಲಿವೇಶನ್.

ನಿನ್ನೆ ಉಪ್ಪು ತೆಗೆಯಲು ಆ ಕಪಾಟಿನ ಬಾಗಿಲು ತೆರೆದೆ. ಯಾವಾಗಲೂ ತುದಿಯಿಂದ ತುದಿಗೆ ಒತ್ತಿಕೊಂಡು ಕೂರುವ ಜಾಡಿಗಳು ಎರಡು ಪಕ್ಕಕ್ಕೂ ಸರಿದಿದ್ದವು. ನಡುವೆ, ಕಿಟಕಿಯ ನೇರಕ್ಕೆ, ಒಬ್ಬರು ಒಳಗೆ ಬರುವಷ್ಟು ಜಾಗವನ್ನು ಅವಳು ಒರೆಸಿ ಖಾಲಿ ಇಟ್ಟಿದ್ದಳು.